ಇಂಚಿನ ಲೆಕ್ಕದ ಊರು

ಮಲೆನಾಡಿನವರಿಗೆ ಮಳೆ ಅಂದ್ರೆ ಇಂಚಿನ ಲೆಕ್ಕ. "ಈ ಸಲ ನಮ್ಮಲ್ಲಿ ನೂರೈವತ್ತು ಇಂಚು" ಅಂತ ಒಬ್ಬರು ಅಂದ್ರೆ, ಪಕ್ಕದ ತೋಟದವರು "ನಮ್ಮಲ್ಲಿ ಇನ್ನೂರು" ಅನ್ನಲೇಬೇಕು. ಅದೇ ಜಂಬವನ್ನು ಹಿಮದ ಬಗ್ಗೆ ಕೇಳಿದ್ದು ಷಿಕಾಗೋಗೆ ಬಂದ ಮೇಲೆ.

ಆಫೀಸಿನ ನಾವು ನಾಲ್ಕು ಜನಕ್ಕೆ ಸ್ನೋಮೊಬೈಲ್ ಹುಚ್ಚು. ಹಿಂದೆ ರಬ್ಬರ್ ಬೆಲ್ಟು, ಮುಂದೆ ಎರಡು ಸ್ಕೀ ಇರೋ, ಹಿಮದ ಮೇಲೆ ಓಡೋ ಬೈಕು ಅಂದುಕೊಳ್ಳಿ. ಚಳಿಗಾಲದಲ್ಲಿ ಮೂರು ವೀಕೆಂಡ್ ಉತ್ತರಕ್ಕೆ ಹೋಗೋದು, ಪ್ರತಿ ಸಲ ಒಂದೇ ಊರಲ್ಲಿ ಉಳಿದು ಅಲ್ಲಿಂದ ಸುತ್ತೋದು ಅಂತ ಮಾತಾಯಿತು. ಯಾವ ಊರು ಅನ್ನೋದೇ ಜಗಳ. ನನ್ನ ಹೆಂಡತಿ ಹಾಕಿದ ಷರತ್ತು ಒಂದೇ: "ನೀರಿನ ಮೇಲೆ ಮಾತ್ರ ಓಡಿಸಬೇಡಿ." ಮಗಳಿಗೆ ಎರಡು ವರ್ಷ. ವಾದ ಮಾಡದೆ ಒಪ್ಪಿಕೊಂಡೆ.

ಗೆಳೆಯರ ಓಟು ವಿಸ್ಕಾನ್ಸಿನ್‌ನ ಈಗಲ್ ರಿವರ್‌ಗೆ. ಆರು ಗಂಟೆ ಡ್ರೈವ್. ಸ್ನೋಮೊಬೈಲ್ ರಾಜಧಾನಿ ಅಂತಲೇ ಹೆಸರು. 1964ರಿಂದ ಅಲ್ಲಿ ರೇಸ್ ನಡೀತಿದೆ. ಹತ್ತಿರದ ಸೇನರ್‌ನಲ್ಲಿ ಕಾರ್ಲ್ ಎಲಿಯಾಸನ್ 1924ರಲ್ಲಿ ದೋಣಿಯ ಮೋಟಾರನ್ನು ಜಾರುಬಂಡಿಗೆ ಕಟ್ಟಿ ಓಡಿಸಿದ್ದರು. ಆಸೆ ಯಾರಿಗಿರಲ್ಲ? ಆದರೆ ಸುತ್ತ ಬರೀ ಕೆರೆಗಳು, ಒಂದಕ್ಕೊಂದು ಕಾಲುವೆಯಲ್ಲಿ ಸೇರಿಕೊಂಡಿವೆ. ನಿಂತ ನೀರಿನ ಮೇಲೆ ಐದಾರು ಇಂಚು ಗಟ್ಟಿ ಮಂಜುಗಡ್ಡೆ ಇದ್ದರೆ ಸ್ನೋಮೊಬೈಲ್ ತಡೆಯುತ್ತೆ ಅಂತಾರೆ. ಹರಿಯೋ ನೀರಿನ ಮೇಲೆ ಆ ಲೆಕ್ಕ ನಡೆಯಲ್ಲ, ಅಲ್ಲಿ ಗಡ್ಡೆ ತೆಳು. ಮೇಲೆ ಹಿಮ ಬಿದ್ದರೆ ಎರಡೂ ಒಂದೇ ಥರ ಕಾಣುತ್ತೆ. ಹೊಳೆ ಪಕ್ಕ ಬೆಳೆದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಓಟು ಮಿಷಿಗನ್‌ನ ಹೌಟನ್‌ಗೆ. ಲೇಕ್ ಸುಪೀರಿಯರ್ ಒಳಗೆ ಚಾಚಿಕೊಂಡ ಕೀವಿನಾ ಪರ್ಯಾಯದ್ವೀಪದ ಊರು. ಅರಬ್ಬೀ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮಳೆ ಸುರಿಸೋ ಹಾಗೆ, ಸರೋವರ ದಾಟಿ ಬಂದ ಗಾಳಿ ಇಲ್ಲಿನ ಗುಡ್ಡದ ಮೇಲೆ ಹಿಮ ಸುರಿಸುತ್ತೆ. ವರ್ಷಕ್ಕೆ ಇನ್ನೂರು ಇಂಚು ಮಾಮೂಲು. 1978-79ರ ಚಳಿಗಾಲದಲ್ಲಿ 390.4 ಇಂಚು! ಅದನ್ನು ತೋರಿಸೋಕೆ ಹೆದ್ದಾರಿ ಪಕ್ಕ ದೊಡ್ಡದೊಂದು ಕಂಬವನ್ನೇ ನಿಲ್ಲಿಸಿದ್ದಾರೆ. ನಮ್ಮೂರಿನವರು ನೋಡಿದರೆ ಬಾಯಿ ಮುಚ್ಚುತ್ತಾರೆ.

ನನ್ನನ್ನು ಒಪ್ಪಿಸಿದ್ದು ಮಾತ್ರ ಆ ಇಂಚುಗಳಲ್ಲ. ಒಂದು ಕಾಲಕ್ಕೆ ಇದು ತಾಮ್ರದ ಗಣಿಯ ಸೀಮೆ. ಗಣಿ ಮುಚ್ಚಿದವು, ಹಳಿ ಕಿತ್ತರು, ರೈಲಿನ ದಾರಿಗಳಲ್ಲಿ ಎಷ್ಟೋ ಈಗ ಸ್ನೋಮೊಬೈಲ್ ದಾರಿಗಳು. ಏರಿಳಿತ ಕಮ್ಮಿ, ಕೆಳಗೆ ಗಟ್ಟಿ ನೆಲ. ಮಧ್ಯೆ ಬರೋ ನೀರಿಗೆ ಎತ್ತುವ ಸೇತುವೆ ಇದೆ; ಚಳಿಗಾಲದಲ್ಲಿ ಅದರ ಕೆಳ ಅಂತಸ್ತು ಸ್ನೋಮೊಬೈಲ್‌ಗಳಿಗೇ. ದಾಟಿದರೆ ಹ್ಯಾನ್‌ಕಾಕ್, ಅಲ್ಲಿ ಆಸ್ಪತ್ರೆ. ಪೆಟ್ರೋಲ್ ಬಂಕು, ಮೆಕ್ಯಾನಿಕ್ ಎಲ್ಲ ಕೈಗೆಟುಕುವಷ್ಟರಲ್ಲಿ. ಟ್ಯಾಂಕು ತುಂಬಿಸಿದರೆ ನೂರು ಮೈಲಿ ಆಸುಪಾಸು ಓಡೋ ಗಾಡಿಗೆ ಇದು ಸಣ್ಣ ವಿಷಯ ಅಲ್ಲ.

"ಇನ್ನೂ ಒಂದೆರಡು ಗಂಟೆ ಜಾಸ್ತಿ ಡ್ರೈವ್, ಮಾರಾಯ" ಅಂದ ಮಂಗಳೂರಿನ ಗೆಳೆಯ. ನಿಜ. ಹೋಗುವಾಗ ಎರಡು ಗಂಟೆ ಕಾರಲ್ಲಿ ಜಾಸ್ತಿ ಕೂರೋದು ಮೇಲೋ, ಕತ್ತಲಾದ ಮೇಲೆ ಬಿಳಿ ಬಯಲಲ್ಲಿ ಕೆರೆ ಯಾವುದು ನೆಲ ಯಾವುದು ಅಂತ ಹುಡುಕೋದು ಮೇಲೋ ಅಂತ ಕೇಳಿದೆ. ಅವನು ಸುಮ್ಮನಾದ.

ರೂಮಿಗೆ ಫೋನ್ ಮಾಡಿದಾಗ ಮೋಟೆಲ್ ನಡೆಸೋ ಹೆಂಗಸು ಡಿಸೆಂಬರ್ ಬುಕಿಂಗ್ ತಗೊಳ್ಳಲೇ ಇಲ್ಲ. 2023-24ರಲ್ಲಿ ಹಿಮ ಕೈಕೊಟ್ಟು ರೂಮುಗಳು ಖಾಲಿ ಬಿದ್ದಿದ್ದವಂತೆ. "ಜನವರಿ ಕೊನೆಗೆ ಬನ್ನಿ, ಹೊರಡೋ ಮುಂಚೆ ನನಗೆ ಒಂದು ಫೋನ್ ಮಾಡಿ, ದಾರಿ ಹೇಗಿದೆ ಹೇಳ್ತೀನಿ" ಅಂದರು. ದುಡ್ಡು ಬೇಕಾಗಿದ್ದವರೇ ಹೀಗಂದಾಗ ನನಗೆ ಬೇರೆ ರಿವ್ಯೂ ಓದೋ ಅಗತ್ಯ ಬೀಳಲಿಲ್ಲ. ನೀವೂ ಇಂಥ ಊರು ಹುಡುಕೋದಾದರೆ ಎಷ್ಟು ಹಿಮ ಅಂತ ಆಮೇಲೆ ಕೇಳಿ. ಸಂಜೆ ವಾಪಸ್ ಬರೋ ದಾರಿ ಯಾವುದು ಅಂತ ಮೊದಲು ಕೇಳಿ.