ತಮ್ಮ, ಕರಡಿ ಮತ್ತು ಹೊನ್ನಾವರದ ದೋಣಿ

ಜೋಳ ಮಾರಿ, ಅಡಿಕೆ ಕೊಯ್ಲು ಮುಗಿದು ಸ್ವಲ್ಪ ಬಿಡುವಾಗಿತ್ತು. ಹೋದ ವಾರ ತಮ್ಮನ್ನ ಕರ್ಕೊಂಡು ಹೊನ್ನಾವರಕ್ಕೆ ಹೋಗಿದ್ದೆ. ತಮ್ಮ ಅಂದ್ರೆ ಚಿಕ್ಕಪ್ಪನ ಮಗ. ನಮ್ಮಿಬ್ಬರ ಹೊಲ ಅಕ್ಕಪಕ್ಕ, ಬೋರ್‌ವೆಲ್ ಒಂದೇ.

ನಾಲ್ಕು ವರ್ಷದ ಹಿಂದೆ ಬೇಸಿಗೆಯಲ್ಲಿ, ಬೆಳಗಿನ ಜಾವ ಮೋಟಾರ್ ಹಾಕಲು ಹೋದಾಗ ಬದುವಿನ ಹುತ್ತದ ಹತ್ರ ಅವನ ಮೇಲೆ ಕರಡಿ ಬಿತ್ತು. ಬೆನ್ನ ಮೇಲೆ ಮರಿ ಇತ್ತಂತೆ. ಎಡಗಣ್ಣು ಹೋಯ್ತು, ಮುಖಕ್ಕೆ ಹೊಲಿಗೆ. ಅವತ್ತಿನಿಂದ ಮುಖಕ್ಕೆ ಟವೆಲ್ ಸುತ್ತಿಕೊಂಡೇ ಇರ್ತಾನೆ. ಸಂತೆಗೂ ಬರಲ್ಲ, ಮದುವೆಗೂ ಬರಲ್ಲ. ದೋಣಿಯಲ್ಲಿ ಕೂರೋಣ ಅಂತ ಅವನ ಮಗನೇ ಹಟ ಮಾಡಿ ಹೊರಡಿಸಿದ.

ಶಿರಾಳಕೊಪ್ಪ, ಸೊರಬ, ಸಿದ್ದಾಪುರ ದಾಟಿ ಗೇರುಸೊಪ್ಪೆ ಘಾಟಿ ಇಳಿದ್ವಿ. ನಮ್ಮ ಕುಮುದ್ವತಿ, ಸೊರಬದ ದಂಡಾವತಿ ಎರಡೂ ಕೊನೆಗೆ ತುಂಗಭದ್ರೆ ಸೇರಿ ಪೂರ್ವದ ಸಮುದ್ರಕ್ಕೆ ಹೋಗ್ತಾವೆ. ಶರಾವತಿ ಮಾತ್ರ ಜೋಗದಲ್ಲಿ ಧುಮುಕಿ ಪಶ್ಚಿಮಕ್ಕೆ ಹೋಗ್ತಾಳೆ. ಒಂದೇ ಜಿಲ್ಲೆಯ ಮಳೆ, ದಾರಿ ಬೇರೆ.

ಹೊನ್ನಾವರದಲ್ಲಿ ನದಿ ಅಗಲವಾಗಿ, ಸಮುದ್ರದ ಉಪ್ಪು ನೀರು ಒಳಗೆ ಬರುತ್ತೆ. ದಡದ ತುಂಬ ಕಾಂಡ್ಲಾ ಗಿಡ, ಬೇರುಗಳು ನೀರಿನ ಮೇಲೇ ಕಾಲು ಊರಿ ನಿಂತಿವೆ. ಮೇಲೆ ಗರುಡ ಸುತ್ತುತ್ತಿತ್ತು, ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ಬೆಳ್ಳಕ್ಕಿ, ನೀರುಕಾಗೆ ಗುಡವಿ ಕೆರೆಯಲ್ಲಿ ನೋಡಿದ್ದೇ. ಅಲ್ಲಿ ಮಳೆಗಾಲದಲ್ಲಿ ನೀರೊಳಗಿನ ಮರಗಳಲ್ಲಿ ಗೂಡು ಕಟ್ತಾವೆ.

ಅಲಾಸ್ಕ ಅನ್ನೋ ಕಡೆ ಜನ ಹೀಗೇ ದೋಣಿಯಲ್ಲಿ ಕೂತು, ಕರಡಿ ಮೀನು ಹಿಡಿಯೋದು ನೋಡ್ತಾರೆ ಅಂದ ಹುಡುಗ. ಅಂದವನೇ ನಾಲಿಗೆ ಕಚ್ಚಿಕೊಂಡ. ತಮ್ಮ ಏನೂ ಹೇಳಲಿಲ್ಲ.

ಕಾಂಡ್ಲಾ ಸಂದಿಗೆ ಹೋದಾಗ ದೋಣಿಯವನು ಇಂಜಿನ್ ನಿಲ್ಲಿಸಿದ. ಅಷ್ಟರಲ್ಲಿ ಪಕ್ಕದ ಗಿಡದಿಂದ ಒಂದು ಕೊಕ್ಕರೆ "ಕ್ವಾಕ್" ಅಂತ ಎದ್ದಿದ್ದೇ ತಡ, ತಮ್ಮ ಎರಡೂ ಕೈಲಿ ಮುಖ ಮುಚ್ಚಿಕೊಂಡು ಬಗ್ಗಿಬಿಟ್ಟ. ಟವೆಲ್ ಬಿತ್ತು. ದೋಣಿಯವನು ನೋಡಿದ, ಮೆಲ್ಲಗೆ ಏನಾಯ್ತಣ್ಣ ಅಂದ. ನಾಲ್ಕು ವರ್ಷದಲ್ಲಿ ಮೊದಲ ಸಲ ತಮ್ಮ ಪೂರ್ತಿ ಕಥೆ ಹೇಳಿದ, ಪರಿಚಯವೇ ಇಲ್ಲದವನ ಮುಂದೆ.

ಆಮೇಲೆ ನಾನು ಬಾಯಿ ಬಿಟ್ಟೆ. ಹೋದ ವರ್ಷ ಜೋಳ ಕಾಯುವಾಗ ಅಟ್ಟಣೆ ಮೇಲಿಂದ ಬೆಳದಿಂಗಳಲ್ಲಿ ಕರಡಿ ನೋಡಿದ್ದೆ. ಹುತ್ತ ಬಗೆದು, ಮೂತಿ ಒಳಗಿಟ್ಟು ಗೆದ್ದಲು ಹೀರೋ ಸದ್ದು ಅಟ್ಟಣೆವರೆಗೂ ಕೇಳ್ತಿತ್ತು. ಅದಕ್ಕೆ ಮುಂದಿನ ಮೇಲ್ಹಲ್ಲು ಎರಡು ಇರಲ್ಲ, ಹೀರೋಕೆ ಅಂತಲೇ ಹಾಗೆ. ಕಣ್ಣೂ ಮಂದ. ತಿನ್ನೋ ಗದ್ದಲದಲ್ಲಿ ನಾವು ಬರೋದು ತಿಳಿಯಲ್ಲ, ಹತ್ರ ಹೋದಾಗ ಗಾಬರಿಯಿಂದ ಮೇಲೆ ಬೀಳುತ್ತೆ. ಕೈಯಲ್ಲಿ ಪಟಾಕಿ ಇತ್ತು, ಹಚ್ಚಲಿಲ್ಲ. ನೋಡ್ತಾ ಕೂತೆ. ಇದನ್ನ ತಮ್ಮನಿಗೆ ಹೇಳೋಕೆ ನಾಚಿಕೆ ಆಗಿತ್ತು.

ಇನ್ನೊಂದೂ ಹೇಳಿದೆ. "ಅವತ್ತು ಮೋಟಾರ್ ಹಾಕೋ ಪಾಳಿ ನಂದು. ನಾನು ಮಲಗಿಬಿಟ್ಟಿದ್ದೆ."

"ಗೊತ್ತಿಲ್ವೇನೋ ನಂಗೆ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಲ್ನೋಡು" ಅಂತ ಕೈ ತೋರಿಸಿದ. ಕಪ್ಪು ಬಿಳುಪು ಮಿಂಚುಳ್ಳಿ ಗಾಳಿಯಲ್ಲೇ ರೆಕ್ಕೆ ಬಡೀತಾ ನಿಂತಿತ್ತು. ನೆಟ್ಟಗೆ ನೀರಿಗೆ ಬಿದ್ದು ಮೀನು ಹಿಡಿದೇ ಎದ್ದಿತು. ಒಂದೇ ಕಣ್ಣಲ್ಲಿ ಅವನು ನನಗಿಂತ ಮೊದಲು ನೋಡಿದ್ದ.

ಊರಿಗೆ ಬಂದ ಮಾರನೇ ದಿನ ಬೆಳಗಿನ ಜಾವ ಬಾಗಿಲು ಬಡಿದವನು ಅವನೇ. ಬದುವಿನ ಪೊದೆ ಸವರಿದ್ದೀವಿ. ಹುತ್ತ ಹಾಗೇ ಇದೆ, ನಾಗರ ಪಂಚಮಿಗೆ ಹಾಲೆರೆಯೋ ಹುತ್ತ ಅಂತ ಮನೆ ಹೆಂಗಸರು ಕೀಳೋಕೆ ಬಿಡಲಿಲ್ಲ. ಹೊಸದಾಗಿ ಬಗೆದ ಮಣ್ಣು ಬಿದ್ದಿತ್ತು. ಟಾರ್ಚ್ ಬಿಟ್ಟು ನೋಡಿ, "ಬಂದ್ಹೋಗಿದೆ" ಅಂದ, ಅಷ್ಟೇ. ಕೈ ನಡುಗ್ತಿತ್ತು, ಆದ್ರೂ ಸ್ವಿಚ್ ಅವನೇ ಒತ್ತಿದ.

ಕಾಡಂಚಿನ ಹೊಲದವರಿಗೆ ಒಂದು ಮಾತು: ಕತ್ತಲಲ್ಲಿ ಒಬ್ಬರೇ ಹೋಗಬೇಡಿ. ಟಾರ್ಚ್ ಇರಲಿ, ಜೋರಾಗಿ ಮಾತಾಡ್ತಾ ಹೋಗಿ. ಸದ್ದು ಕೇಳಿದ್ರೆ ಅದೇ ದೂರ ಸರಿಯುತ್ತೆ. ನಮ್ಮಲ್ಲಿ ಈಗ ಪಾಳಿ ಅಂತ ಇಲ್ಲ, ಇಬ್ಬರೂ ಹೋಗ್ತೀವಿ.