ಚುಟ್ಟದ ಪೆಟ್ಟಿಗೆಗೆ ಚಿತ್ತಾರ ಹುಡುಕುತ್ತಾ

ಅಮೆರಿಕದ ಮೆಂಫಿಸ್ ಊರಿನಿಂದ ದಕ್ಷಿಣಕ್ಕೆ 61ನೇ ಹೆದ್ದಾರಿ ಹಿಡಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಕ್ಲಾರ್ಕ್ಸ್‌ಡೇಲ್ ಬರುತ್ತದೆ. ದಾರಿಯುದ್ದಕ್ಕೂ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ ನೆಲ. ಗುಡ್ಡವಿಲ್ಲ, ತಿರುವಿಲ್ಲ, ಎಲ್ಲಿ ನೋಡಿದರೂ ಹತ್ತಿಯ ಹೊಲ. ನಾವು ಹೋದದ್ದು ಮಾರ್ಚ್ ತಿಂಗಳಲ್ಲಾದ್ದರಿಂದ ಹೊಲಗಳೆಲ್ಲ ಖಾಲಿ ಬಿದ್ದಿದ್ದವು. ಮಿಸಿಸಿಪ್ಪಿ ನದಿ ಸಾವಿರಾರು ವರ್ಷ ತಂದು ಸುರಿದ ಮೆಕ್ಕಲು ಮಣ್ಣು ಅದು. ಆ ಮಣ್ಣಿನಲ್ಲಿ ದುಡಿದ ಕರಿಯ ಜನರ ಹಾಡಿಗೇ ‘ಬ್ಲೂಸ್’ ಎಂದು ಹೆಸರು.

ಇಷ್ಟು ದೂರ ಹೋದದ್ದು ಹಾಡು ಕೇಳುವುದಕ್ಕಲ್ಲ, ಒಂದು ಪೆಟ್ಟಿಗೆಯ ಮೇಲೆ ಏನು ಚಿತ್ರ ಬರೆಯುವುದು ಅಂತ ತಿಳಿದುಕೊಳ್ಳುವುದಕ್ಕೆ ಎಂದರೆ ನೀವು ನಗಬಹುದು. ಹದಿಮೂರು ವರ್ಷದ ಮೊಮ್ಮಗಳಿಗೆ ಶಾಲೆಯಲ್ಲಿ, ಮನೆಯಲ್ಲೇ ಒಂದು ವಾದ್ಯ ಮಾಡಿ ತನ್ನಿ ಎಂದಿದ್ದರು. ಅವಳು ಚುಟ್ಟದ ಪೆಟ್ಟಿಗೆಯ ಗಿಟಾರು ಮಾಡುತ್ತೇನೆ ಅಂತ ಹಟ ಹಿಡಿದಳು. ಆ ಕಡೆಯ ಸಿಗಾರ್ ಅಂಗಡಿಗಳಲ್ಲಿ ಖಾಲಿ ಪೆಟ್ಟಿಗೆಗಳನ್ನು ಎರಡು ಮೂರು ಡಾಲರಿಗೆ ಕೊಟ್ಟುಬಿಡುತ್ತಾರೆ. ಅಳಿಯಂದಿರು ಒಂದನ್ನು ತಂದು ಊಟದ ಮೇಜಿನ ಮೇಲೆ ಇಟ್ಟರು.

ನನಗೆ ಆ ದಿನ ಊಟ ಸೇರಲಿಲ್ಲ. ನನ್ನ ತವರು ಪಿರಿಯಾಪಟ್ಟಣದ ಕಡೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ವಾಸನೆಯಲ್ಲೇ ಬೆಳೆದವಳು ನಾನು. ಆ ಸೊಪ್ಪಿನ ದುಡ್ಡಿನಲ್ಲೇ ನನ್ನ ಮದುವೆಯೂ ಆಯಿತು. ಅದೇ ಸೊಪ್ಪು ನಮ್ಮ ಯಜಮಾನರ ಗಂಟಲಿಗೆ ಹತ್ತಿ, ಒಂಬತ್ತು ವರ್ಷದ ಹಿಂದೆ ಅವರನ್ನು ಕರೆದುಕೊಂಡು ಹೋಯಿತು. ಕೊನೆಯ ನಾಲ್ಕು ತಿಂಗಳು ಅವರಿಗೆ ಮಾತೇ ಇರಲಿಲ್ಲ, ಬೇಕಾದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು. ಈಗ ಅವರ ಮೊಮ್ಮಗಳು ಹಾಡು ನುಡಿಸುವುದು ಚುಟ್ಟದ ಪೆಟ್ಟಿಗೆಯಿಂದಲೇ ಆಗಬೇಕೆ? “ಬಿಸ್ಕತ್ತಿನ ಡಬ್ಬಿಯಲ್ಲಿ ಮಾಡೇ” ಎಂದೆ. “ಅಜ್ಜಿ, ತಗಡು ಬೇರೆ, ಮರ ಬೇರೆ” ಎಂದಳು. ಅವಳ ಮಾತು ಸುಳ್ಳಲ್ಲ. ಒಳ್ಳೆಯ ಸಿಗಾರ್ ಪೆಟ್ಟಿಗೆಗಳನ್ನು ‘ಸ್ಪ್ಯಾನಿಷ್ ಸೀಡರ್’ ಎಂಬ ಮರದಿಂದ ಮಾಡುತ್ತಾರೆ. ಹೆಸರು ಸೀಡರ್ ಆದರೂ ಅದು ನಮ್ಮ ಬೇವಿನ ಕುಟುಂಬದ ಮರ. ಹಗುರ, ತೆಳು, ಹುಳ ಹಿಡಿಯುವುದಿಲ್ಲ. ಬೆರಳಲ್ಲಿ ತಟ್ಟಿದರೆ ಢಣ್ ಅನ್ನುತ್ತದೆ.

ಚುಟ್ಟದ ಪೆಟ್ಟಿಗೆ ವಾದ್ಯವಾದ ಕಥೆಯೂ ಸ್ವಾರಸ್ಯವಾಗಿದೆ. 1860ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, ಸರ್ಕಾರ ಚುಟ್ಟದ ಮೇಲೆ ತೆರಿಗೆ ಹಾಕಿತು. ಚುಟ್ಟಗಳನ್ನು ಪೆಟ್ಟಿಗೆಯಲ್ಲೇ ತುಂಬಿ, ಮೇಲೆ ತೆರಿಗೆಯ ಚೀಟಿ ಅಂಟಿಸಿ ಮಾರಬೇಕು. ಒಮ್ಮೆ ಖಾಲಿಯಾದ ಪೆಟ್ಟಿಗೆಗೆ ಮತ್ತೆ ಚುಟ್ಟ ತುಂಬುವ ಹಾಗಿಲ್ಲ. ಹೀಗಾಗಿ ಊರೂರಲ್ಲೂ ಖಾಲಿ ಪೆಟ್ಟಿಗೆಗಳು ರಾಶಿ ಬಿದ್ದವು. ಹೆಂಗಸರು ಅದರಲ್ಲಿ ಸೂಜಿ ದಾರ ಇಟ್ಟುಕೊಂಡರು. ಇಲ್ಲದವರು ಅದಕ್ಕೆ ಕೋಲು ಸಿಕ್ಕಿಸಿ ತಂತಿ ಕಟ್ಟಿದರು. ಎಡ್ವಿನ್ ಫೋರ್ಬ್ಸ್ ಎಂಬ ಚಿತ್ರಕಾರರು 1876ರಲ್ಲಿ ಪ್ರಕಟಿಸಿದ ಒಂದು ಚಿತ್ರದಲ್ಲಿ ಸೈನಿಕನೊಬ್ಬ ಬಿಡಾರದಲ್ಲಿ ಕುಳಿತು ಚುಟ್ಟದ ಪೆಟ್ಟಿಗೆಯ ಪಿಟೀಲು ನುಡಿಸುತ್ತಿದ್ದಾನೆ. ಬ್ಲೈಂಡ್ ವಿಲ್ಲಿ ಜಾನ್ಸನ್, ಲೈಟ್ನಿನ್ ಹಾಪ್ಕಿನ್ಸ್, ಕಾರ್ಲ್ ಪರ್ಕಿನ್ಸ್ — ಮುಂದೆ ದೊಡ್ಡ ಹೆಸರು ಮಾಡಿದ ಇವರೆಲ್ಲರ ಮೊದಲ ಗಿಟಾರೂ ಇಂಥದ್ದೇ. ಪೆಟ್ಟಿಗೆಯೂ ಸಿಗದ ಮಕ್ಕಳು ಪೊರಕೆಗೆ ಸುತ್ತಿದ ತಂತಿ ಬಿಚ್ಚಿ, ಮನೆಯ ಗೋಡೆಗೆ ಎರಡು ಮೊಳೆ ಹೊಡೆದು ಬಿಗಿದು, ಬಾಟಲಿಯಿಂದ ಉಜ್ಜಿ ನುಡಿಸುತ್ತಿದ್ದರು. ಆಗ ಮನೆಯ ಗೋಡೆಯೇ ಬುರುಡೆ! ನಮ್ಮ ಏಕತಾರಿಯವರು, ಚೌಡಿಕೆಯವರು ಇದನ್ನು ನೋಡಿದ್ದರೆ “ಇವರೂ ನಮ್ಮವರೇ” ಅನ್ನುತ್ತಿದ್ದರೋ ಏನೋ.

ಕ್ಲಾರ್ಕ್ಸ್‌ಡೇಲ್‌ನಲ್ಲಿ ಎರಡು ಹೆದ್ದಾರಿ ಕೂಡುವ ಕಡೆ ಕಂಬದ ಮೇಲೆ ನೀಲಿ ಗಿಟಾರುಗಳನ್ನು ನಿಲ್ಲಿಸಿದ್ದಾರೆ. ಬಂದವರೆಲ್ಲ ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಅದರಾಚೆ ನನಗೇನೂ ಅಲ್ಲಿ ಕಾಣಲಿಲ್ಲ. ನೋಡಲೇಬೇಕಾದ್ದು ಡೆಲ್ಟಾ ಬ್ಲೂಸ್ ಮ್ಯೂಸಿಯಂ. 1979ರಲ್ಲಿ ಶುರುವಾದ ಇದು ಈಗ ಇರುವುದು 1918ರ ಹಳೆಯ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ. ಒಳಗೆ ಒಂದು ಮರದ ಗುಡಿಸಲನ್ನೇ ತಂದಿಟ್ಟಿದ್ದಾರೆ. ಮಡ್ಡಿ ವಾಟರ್ಸ್ ಎಂಬ ಮಹಾ ಗಾಯಕರು 1943ರಲ್ಲಿ ಷಿಕಾಗೋಗೆ ಹೋಗುವ ಮುಂಚೆ ಸ್ಟೋವಲ್ ತೋಟದಲ್ಲಿ ವಾಸವಿದ್ದ ಮನೆ ಅದು. ಗೋಡೆಯ ಮರ ಒರಟು, ಸಂದಿಗಳಲ್ಲಿ ಬೆಳಕು ಕಾಣುತ್ತದೆ. ಆ ಚಳಿಯಲ್ಲಿ ಮಕ್ಕಳನ್ನು ಅದರೊಳಗೆ ಹೇಗೆ ಮಲಗಿಸುತ್ತಿದ್ದರೋ ತಾಯಂದಿರು!

ಈ ಮನೆಯ ಒಂದು ತೊಲೆಯಿಂದಲೇ ಬಿಲ್ಲಿ ಗಿಬ್ಬನ್ಸ್ ಎಂಬ ಗಿಟಾರುವಾದಕರು 1980ರ ದಶಕದಲ್ಲಿ ಒಂದು ಗಿಟಾರು ಮಾಡಿಸಿದರು. ಅದಕ್ಕೆ ‘ಮಡ್ಡಿವುಡ್’ ಎಂದು ಹೆಸರು. ಅದರ ಮೇಲೆ ಹೂವಿಲ್ಲ, ಬಳ್ಳಿಯಿಲ್ಲ. ಬಿಳಿಯ ಮೈ ಮೇಲೆ ಅಂಕುಡೊಂಕಾದ ಒಂದು ನೀಲಿ ಗೆರೆ, ಅಷ್ಟೇ. ಆ ಗೆರೆ ಮಿಸಿಸಿಪ್ಪಿ ನದಿ. ಮೊಮ್ಮಗಳು ನೋಟುಬುಕ್ಕು ತೆಗೆದು ಕೂತೇಬಿಟ್ಟಳು. “ನಾನು ಕಾವೇರಿ ಬರೀತೀನಿ ಅಜ್ಜಿ” ಎಂದಳು. ಇದೇ ಊರಿನ ‘ಸೂಪರ್ ಚಿಕನ್’ ಎಂಬುವರು (ಕರೆಯುವ ಹೆಸರು ಅಷ್ಟೇ, ಗಾಬರಿ ಬೇಡ) ಸೈನ್ಯದವರ ಹಳೆಯ ಪೆಟ್ರೋಲ್ ಡಬ್ಬಿಗಳಿಗೆ ಗಿಟಾರಿನ ಕತ್ತು ಜೋಡಿಸಿ, ಮೇಲೆ ಹಳ್ಳಿಯ ಚಿತ್ರಗಳನ್ನು ಬಣ್ಣಬಣ್ಣವಾಗಿ ಬರೆದು ಹೆಸರಾದವರು. ಅವರ ಕೈಕೆಲಸದ ಚಿತ್ರಗಳನ್ನು ನೋಡಿದರೆ ನಮ್ಮ ಗೊಂಬೆ ಹಬ್ಬದ ಪೆಟ್ಟಿಗೆ ಬಿಚ್ಚಿದ ಹಾಗೆ ಅನ್ನಿಸುತ್ತದೆ. ಬೋ ಡಿಡ್ಲಿ ಎಂಬುವರಂತೂ 1958ರಲ್ಲಿ ಗ್ರೆಟ್ಷ್ ಕಂಪನಿಯಿಂದ ಚೌಕಾಕಾರದ ಗಿಟಾರನ್ನೇ ಮಾಡಿಸಿಕೊಂಡು ಮೆರೆದರು. ಬಡವರ ಪೆಟ್ಟಿಗೆಯ ಆಕಾರವೇ ವೇದಿಕೆ ಹತ್ತಿತು ನೋಡಿ.

ಹಾಗೆಂದು ಎಲ್ಲವೂ ಮೆಚ್ಚುಗೆಯಾಯಿತು ಎನ್ನಲಾರೆ. ಪೇಟೆಯಲ್ಲಿ ಹೊಸ ಪೆಟ್ಟಿಗೆಗೆ ಮರಳು ಕಾಗದ ಉಜ್ಜಿ, ಹಳೆಯದರ ಹಾಗೆ ಕಾಣಿಸಿ, ನೂರಾರು ಡಾಲರಿಗೆ ಮಾರುವ ಗಿಟಾರುಗಳೂ ಇದ್ದವು. ಹೊಸ ಸೀರೆಗೆ ತೇಪೆ ಹಾಕಿ ಉಟ್ಟ ಹಾಗೆ ಅದು, ನನಗೆ ಹಿಡಿಸಲಿಲ್ಲ. ಆದರೆ ಒಂದು ಗಿಟಾರಿನಲ್ಲಿ ನಾದದ ತೂತಿಗೆ ಅಡುಗೆಮನೆ ಸಿಂಕಿನ ಹಿತ್ತಾಳೆ ಜಾಲರಿ ಕೂರಿಸಿದ್ದರು. ತಂತಿ ಹಿಡಿಯುವುದಕ್ಕೆ ಬಾಗಿಲಿನ ಕೀಲು, ಕುದುರೆಗೆ ಒಂದು ಬೋಲ್ಟು! ಎಂಥ ಅಂದ ಅಂತೀರಿ! ನಮ್ಮ ಅಡುಗೆಮನೆಯಲ್ಲಿ ಎಷ್ಟು ಜಾಲರಿ ತಟ್ಟೆ, ಚಕ್ಕುಲಿ ಒರಳಿನ ಬಿಲ್ಲೆಗಳಿಲ್ಲ! ಆ ನಕ್ಷತ್ರದ ಬಿಲ್ಲೆಯೊಂದು ಸಾಕು, ನಾದದ ತೂತಿಗೆ ಅದಕ್ಕಿಂತ ಒಳ್ಳೆಯ ಅಚ್ಚು ಬೇಡ.

ಅದೇ ವಾರ ಅಲಬಾಮಾ ರಾಜ್ಯದ ‘ಗೀಸ್ ಬೆಂಡ್’ ಹಳ್ಳಿಗೂ ಹೋದೆವು. ಮೆಂಫಿಸ್‌ನಿಂದ ಐದಾರು ಗಂಟೆಯ ದಾರಿ. ನದಿ ಮೂರು ಕಡೆ ಸುತ್ತಿ ಬಳಸಿದ ಊರು. ಎದುರು ದಡದ ಕ್ಯಾಮ್ಡೆನ್ ಪೇಟೆಗೆ ಫೆರ್‍ರಿಯೇ ಹತ್ತಿರದ ದಾರಿ. ಇಲ್ಲಿನ ಕರಿಯ ಜನ ಮತದಾರರಾಗಿ ಹೆಸರು ಬರೆಸುವುದಕ್ಕೆ ದಾಟಿ ಹೋಗತೊಡಗಿದ ಕಾಲದಲ್ಲೇ, 1962ರಲ್ಲಿ, ಆ ಫೆರ್‍ರಿಯನ್ನು ನಿಲ್ಲಿಸಿಬಿಟ್ಟರು. ಮತ್ತೆ ಅದು ಶುರುವಾದದ್ದು 2006ರಲ್ಲಿ! ನಲವತ್ತನಾಲ್ಕು ವರ್ಷ ಆ ಹೆಂಗಸರು ಆಸ್ಪತ್ರೆಗೆ, ಅಂಗಡಿಗೆ ಒಂದು ಗಂಟೆ ಸುತ್ತಿ ಹೋಗಬೇಕಾಯಿತು.

ಆ ಹೆಂಗಸರ ಕೌದಿಗಳು ಈಗ ಜಗತ್ಪ್ರಸಿದ್ಧ. ಹೊಲದಲ್ಲಿ ಹಾಕಿ ಹರಿದ ಪ್ಯಾಂಟು, ಅಂಗಿ, ಹಿಟ್ಟಿನ ಚೀಲ ಇವುಗಳ ತುಂಡುಗಳಿಂದ ಹೊಲಿದವು. 1966ರಲ್ಲಿ ಅವರು ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರ ಸಂಘ ಕಟ್ಟಿದರು. 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ಬಟ್ಟೆಯ ದಿಂಬಿನ ಗವಸು ಹೊಲಿದು ಕೊಟ್ಟಾಗ ಉಳಿದ ಚೂರುಗಳೂ ಕೌದಿಯಾದವು. 2002ರಲ್ಲಿ ದೊಡ್ಡ ಮ್ಯೂಸಿಯಂಗಳ ಗೋಡೆಗೆ ಅವು ಏರಿದವು. 2006ರಲ್ಲಿ ಅಂಚೆ ಚೀಟಿಯ ಮೇಲೂ ಬಂದವು. ಈಗ ಊರಿನ ರಸ್ತೆ ಬದಿ ದೊಡ್ಡ ಹಲಗೆಗಳ ಮೇಲೆ ಆ ಕೌದಿಗಳನ್ನು ಬಣ್ಣದಲ್ಲಿ ಬರೆದು ನಿಲ್ಲಿಸಿದ್ದಾರೆ. ‘ಹೌಸ್‌ಟಾಪ್’ ಎಂಬ ಒಂದು ವಿನ್ಯಾಸ ಉಂಟು. ನಡುವೆ ಪುಟ್ಟ ಚೌಕ, ಅದರ ಸುತ್ತ ಪಟ್ಟಿ, ಅದರ ಸುತ್ತ ಇನ್ನೊಂದು ಪಟ್ಟಿ, ಹೀಗೆ ಮನೆಯ ಚಾವಣಿಯನ್ನು ಮೇಲಿನಿಂದ ನೋಡಿದ ಹಾಗೆ. ಎಲ್ಲೂ ಅಳತೆಪಟ್ಟಿ ಹಿಡಿದಿಲ್ಲ. ಕಣ್ಣಳತೆಯಲ್ಲೇ ಸೊಟ್ಟ, ಸೊಟ್ಟದಲ್ಲೇ ಸೊಗಸು.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಇವರ ಹಿರಿಯರೂ ಆಫ್ರಿಕದಿಂದ ಬಂದವರೇ. ಇವರೂ ಹಳೆ ಬಟ್ಟೆ ಜೋಡಿಸಿ ‘ಕವಂದಿ’ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಮುಕ್ಕೋನೆಯ ‘ಫೂಲ’ ಇಡಲೇಬೇಕು. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಇದ್ದ ಹಾಗಂತೆ. ಇದನ್ನು ಮೊಮ್ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇರೆಯವರು ಕಷ್ಟದಲ್ಲಿ ಮಾಡಿದ ಡಿಸೈನು ನಾವು ಚೆಂದಕ್ಕೆ ಬರ್ಕೊಂಡ್ರೆ ತಪ್ಪಲ್ವಾ ಅಜ್ಜಿ?” ಎಂದಳು. ನಾನೇನು ಪಂಡಿತೆಯೆ? “ಯಾರದ್ದು ಅಂತ ಹೆಸರು ಬರಿ. ಜೊತೆಗೆ ನಿನ್ನದೂ ಏನಾದರೂ ಇರಲಿ” ಎಂದೆ. ಅವಳಿಗೆ ಒಪ್ಪಿಗೆಯಾದಂತೆ ಕಂಡಿತು.

ಪೆಟ್ಟಿಗೆ ಸಿದ್ಧವಾದ ಬಗೆ ಹೇಳುತ್ತೇನೆ, ಮಕ್ಕಳಿಗೆ ರಜೆಯಲ್ಲಿ ಉಪಯೋಗಕ್ಕೆ ಬಂದೀತು. ಪೆಟ್ಟಿಗೆಯ ಉದ್ದಕ್ಕೂ ತೂರಿ ಹೋಗುವಂತೆ ಗಟ್ಟಿ ಮರದ ಪಟ್ಟಿ. ತಂತಿ ಆಡುವ ಉದ್ದ 25 ಅಂಗುಲ, ಗಿಟಾರಿನದೇ ಮೂರು ತಂತಿ. ಶ್ರುತಿ ಸ–ಪ–ಸ, ನಮ್ಮ ತಂಬೂರಿಯ ಹಾಗೇ! ಮೇಲಿನ ತುದಿಯಿಂದ ಕಾಲು ಭಾಗದಲ್ಲಿ, ಅಂದರೆ ಆರೂಕಾಲು ಅಂಗುಲದಲ್ಲಿ ಬಾಟಲಿ ಇಟ್ಟರೆ ಮ, ಮೂರನೇ ಒಂದು ಭಾಗದಲ್ಲಿ ಪ, ಸರಿ ಅರ್ಧದಲ್ಲಿ ಮೇಲಿನ ಸ. ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರೆ ಸಾಕು. ಮುಚ್ಚಳದ ಮೇಲೆ ಪೂರ್ತಿ ಬಟ್ಟೆ ಅಂಟಿಸಬೇಡಿ, ನಾದ ಸತ್ತುಹೋಗುತ್ತದೆ. ನಾವು ನಡುವೆ ತೆಳು ಬಣ್ಣದಲ್ಲಿ ಹೌಸ್‌ಟಾಪ್ ಚೌಕಗಳನ್ನು ಬರೆದು, ನಾಲ್ಕು ಮೂಲೆಗೆ ಮಾತ್ರ ಬಟ್ಟೆಯ ಫೂಲ ಇಟ್ಟೆವು. ಕಾವೇರಿ ಕತ್ತಿನ ಪಟ್ಟಿಯ ಮೇಲೆ ಹರಿಯಿತು.

ಬಟ್ಟೆಗೆ ಅವಳು ಕೇಳಿದ್ದು ತಾತನ ಅಂಗಿಯ ಚೂರು. ಅವರ ಅಂಗಿ, ನನ್ನ ಹಳೆ ಸೀರೆ ಸೇರಿಸಿ ಹೊಲಿಸಿದ್ದ ಕೌದಿಯನ್ನು ಮಗಳಿಗೆಂದು ಒಯ್ದಿದ್ದೆ. ಅದರ ಅಂಚಿನ ಮಡಿಕೆಯಿಂದ ನಾಲ್ಕು ತುಂಡು ನಾನೇ ಬಿಚ್ಚಿಕೊಟ್ಟೆ. ಇನ್ನು ಉಳಿದದ್ದು ಕಂಪನಿಯ ಚೀಟಿಯ ಪ್ರಶ್ನೆ. ಚಿನ್ನದ ಅಂಚು, ಕಿರೀಟದ ರಾಣಿ, ಶಿವಕಾಶಿಯ ಬೆಂಕಿಪೊಟ್ಟಣದ ಹಾಗೆ ನೋಡಲು ಚೆಂದವೇ. “ಕೆರೆದು ಹಾಕು” ಎಂದೆ. “ಇಲ್ಲ ಅಜ್ಜಿ, ಇದು ಎಲ್ಲಿಂದ ಬಂತು ಅಂತ ಗೊತ್ತಾಗಬೇಕು. ತಾತನ ವಿಷಯಾನೂ ಕ್ಲಾಸಿನಲ್ಲಿ ಹೇಳ್ತೀನಿ” ಎಂದಳು. ನನಗೆ ಮಾತು ಹೊರಡಲಿಲ್ಲ. ಚೀಟಿ ಪೆಟ್ಟಿಗೆಯ ಹಿಂಬದಿಯಲ್ಲಿ ಹಾಗೇ ಉಳಿಯಿತು. ಅದರ ಕೆಳಗೆ ಅವಳು ಕಪ್ಪು ಶಾಯಿಯಲ್ಲಿ ಗೀಸ್ ಬೆಂಡ್, ಯಲ್ಲಾಪುರ, ಪಿರಿಯಾಪಟ್ಟಣ ಅಂತ ಮೂರು ಊರಿನ ಹೆಸರು ಬರೆದಳು, ಕನ್ನಡದಲ್ಲೇ. ‘ಪಟ್ಟಣ’ದ ಒತ್ತಕ್ಷರವನ್ನು ನಾನು ತಿದ್ದಿಕೊಟ್ಟೆ.