ಹಸುವಿನ ಹೊಟ್ಟೆಯೊಳಗಿನ ಊರು (ಕೊಟ್ಟಿಗೆ ಮಾತು, ಭಾಗ 4)

ಮೊದಲ ಫೋಟೋದಲ್ಲಿ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕ್ತಿರೋದು ನಮ್ಮ ದೊಡ್ಡಪ್ಪನ ಮನೆಯ ಗೌರಿ. ಬೆಳಿಗ್ಗೆಯಿಂದ ಕೆರೆ ಏರಿ ಮೇಲೆ ಮೇಯ್ದು ಬಂದಿದ್ದಾಳೆ. ಆದ್ರೆ ಆ ಹುಲ್ಲನ್ನ ಅರಗಿಸೋದು ಗೌರಿ ಅಲ್ಲ ಕಣ್ರೋ. ಹುಲ್ಲಿನ ನಾರನ್ನ, ಅಂದ್ರೆ ಸೆಲ್ಯುಲೋಸನ್ನ, ಒಡೆಯೋ ಕಿಣ್ವ ಹಸುವಿನ ದೇಹದಲ್ಲಿ ತಯಾರಾಗೋದೇ ಇಲ್ಲ. ನಮ್ಮಲ್ಲೂ ಇಲ್ಲ, ಅದಕ್ಕೇ ನಾವು ಹುಲ್ಲು ತಿಂದು ಬದುಕಲ್ಲ.

ಆ ಕೆಲಸ ಮಾಡೋದು ಅವಳ ಮೊದಲ ಹೊಟ್ಟೆ ರೂಮೆನ್‌ನಲ್ಲಿರೋ ಬ್ಯಾಕ್ಟೀರಿಯಾ. ಅಲ್ಲಿನ ಒಂದು ಮಿಲಿಲೀಟರ್ ರಸದಲ್ಲಿ ಸುಮಾರು 1,000 ಕೋಟಿ ಇರ್ತವೆ. ಒಳಗೆ 39 ಡಿಗ್ರಿ ಶಾಖ, ಗಾಳಿ ಇಲ್ಲದ ಕತ್ತಲೆ. ಫೈಬ್ರೋಬ್ಯಾಕ್ಟರ್, ರುಮಿನೋಕಾಕಸ್ ಅನ್ನೋರು ನಾರಿಗೆ ಅಂಟಿಕೊಂಡು ಅದನ್ನ ಒಡೀತಾರೆ. ಅದರಿಂದ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳು ಬರ್ತವೆ. ಹಸುವಿನ ಶಕ್ತಿಯ ಬಹುಪಾಲು ಈ ಆಮ್ಲಗಳಿಂದಲೇ. ನಾಲ್ಕನೇ ಹೊಟ್ಟೆಗೆ ಇಳಿದ ಬ್ಯಾಕ್ಟೀರಿಯಾಗಳೂ ಜೀರ್ಣ ಆಗಿ ಪ್ರೋಟೀನ್ ಆಗ್ತವೆ. ಬಾಡಿಗೆ ವಸೂಲಿ ಅಂದ್ರೆ ಇದು!

ಈಗ ನಾನು ಹೇಳೋಕೆ ಹೊರಟಿರೋ ವಿಷಯಕ್ಕೆ ಬರ್ತೀನಿ. ಹೋದ ವರ್ಷ ನಮ್ಮ ಬೀದಿಯಲ್ಲಿ ಒಂದು ಗೃಹಪ್ರವೇಶ. ಉಳಿದ ಅನ್ನ, ಪಾಯಸ ಎಲ್ಲಾ ಎರಡು ಬಕೆಟ್ ಆಯ್ತು. ಚೆಲ್ಲಬಾರದು, ಹಸುವಿಗೆ ಹಾಕಿದ್ರೆ ಪುಣ್ಯ ಅಂತ ಪಕ್ಕದ ಮನೆ ಸೀಮೆಹಸುವಿನ ಮುಂದೆ ಸುರಿದ್ರು. ಅದು ಖುಷಿಯಿಂದ ತಿಂತು. ಮಾರನೇ ದಿನ ಮೆಲುಕು ನಿಂತಿತ್ತು. ಸಗಣಿ ನೀರಾಗಿ ಹುಳಿ ವಾಸನೆ. ಸಂಜೆ ಹೊತ್ತಿಗೆ ಮಲಗಿದ್ದು ಏಳಲೇ ಇಲ್ಲ. ಡಾಕ್ಟರ್ ಬರೋ ಹೊತ್ತಿಗೆ ತಡವಾಗಿತ್ತು. ಆ ಮನೆಯ ಅಕ್ಕ ಡೈರಿಗೆ ಹಾಲು ಹಾಕಿ ಮಗನ ಫೀಸು ಕಟ್ತಿದ್ರು.

ಒಳಗೆ ಏನಾಗುತ್ತೆ ನೋಡಿ. ಅನ್ನ ಅಂದ್ರೆ ಬೇಗ ಕರಗೋ ಪಿಷ್ಟ. ಸ್ಟ್ರೆಪ್ಟೋಕಾಕಸ್ ಬೋವಿಸ್ ಅನ್ನೋ ಬ್ಯಾಕ್ಟೀರಿಯಾಕ್ಕೆ ಅದು ಹಬ್ಬ. ಗಂಟೆಗಟ್ಟಲೆಯಲ್ಲ, ನಿಮಿಷಗಳ ಲೆಕ್ಕದಲ್ಲಿ ದುಪ್ಪಟ್ಟಾಗಿ ಲ್ಯಾಕ್ಟಿಕ್ ಆಮ್ಲ ಸುರಿಯುತ್ತೆ. ಸಾಮಾನ್ಯವಾಗಿ 6ರಿಂದ 7ರೊಳಗೆ ಇರೋ ಪಿಎಚ್ 5ಕ್ಕಿಂತ ಕೆಳಗೂ ಇಳಿಯಬಹುದು. ನಾರು ಒಡೆಯೋರು ಆ ಹುಳಿಯಲ್ಲಿ ಉಳಿಯಲ್ಲ. ಮೆಲುಕು ಹಾಕುವಾಗ ಬರೋ ಜೊಲ್ಲಿನಲ್ಲಿ ಸೋಡಾದಂಥ ಬೈಕಾರ್ಬೊನೇಟ್ ಇರುತ್ತೆ, ಅದೇ ಆಮ್ಲವನ್ನ ತಣಿಸೋದು. ಅನ್ನಕ್ಕೆ ಮೆಲುಕು ಬೇಕಿಲ್ಲ, ಹಾಗಾಗಿ ಜೊಲ್ಲೂ ಕಮ್ಮಿ. ದೇಹದ ನೀರೆಲ್ಲಾ ಹೊಟ್ಟೆಗೆ ಎಳೆದುಕೊಳ್ಳುತ್ತೆ, ಆಮ್ಲ ರಕ್ತಕ್ಕೆ ಸೇರುತ್ತೆ.

ಬೇಗ ಗೊತ್ತಾದ್ರೆ ಉಳಿಸಬಹುದು. ಆರೋಗ್ಯವಾಗಿರೋ ಇನ್ನೊಂದು ಹಸುವಿನ ರೂಮೆನ್‌ಗೆ ಕೊಳವೆ ಹಾಕಿ ರಸ ತೆಗೆದು, ಬೆಚ್ಚಗಿರುವಾಗಲೇ ಕಾಯಿಲೆ ಹಸುವಿಗೆ ಕುಡಿಸೋ ಚಿಕಿತ್ಸೆ ಇದೆ. ಒಂದೂರಿನ ಜನರನ್ನ ಇನ್ನೊಂದೂರಿಗೆ ಒಕ್ಕಲು ಕಳಿಸಿದ ಹಾಗೆ. ವೆಟರ್ನರಿಗೆ ಸೇರಿದ ಮೇಲೆ ನನಗೆ ತುಂಬಾ ಇಷ್ಟವಾದ ಪಾಠ ಇದು.

ಇದನ್ನ ಒಂದು ದೇಶದಿಂದ ಇನ್ನೊಂದು ದೇಶಕ್ಕೂ ಮಾಡಿದಾರೆ! ನಮ್ಮ ಹೊಲದ ಬದುವಿನಲ್ಲಿರೋ ಸುಬಾಬುಲ್ ಗೊತ್ತಲ್ಲ? ಅದರ ಸೊಪ್ಪಿನಲ್ಲಿ ಮಿಮೋಸಿನ್ ಅನ್ನೋ ವಿಷ ಇದೆ. ಆಸ್ಟ್ರೇಲಿಯಾದಲ್ಲಿ ಅದನ್ನ ಹೆಚ್ಚು ಮೇಯ್ದ ದನಗಳಿಗೆ ಕೂದಲು ಉದುರೋದು, ಥೈರಾಯ್ಡ್ ಗ್ರಂಥಿ ಊದೋದು. ಹವಾಯಿಯ ಮೇಕೆಗಳಿಗೆ ಏನೂ ಆಗ್ತಿರಲಿಲ್ಲ. ಸೊಪ್ಪು ಅದೇ, ಹೊಟ್ಟೆಯೊಳಗಿನವರು ಬೇರೆ. ರೇಮಂಡ್ ಜೋನ್ಸ್ ಅನ್ನೋ ವಿಜ್ಞಾನಿ ಮತ್ತು ಜೊತೆಗಾರರು ಆ ಮೇಕೆಗಳ ಬ್ಯಾಕ್ಟೀರಿಯಾವನ್ನ ಆಸ್ಟ್ರೇಲಿಯಾಕ್ಕೆ ತಂದು ದನಗಳಿಗೆ ಕೊಟ್ರು. 1986ರಲ್ಲಿ ಅದು ಫಲಿಸಿದ್ದನ್ನ ಪ್ರಕಟಿಸಿದ್ರು. 1992ರಲ್ಲಿ ಅದಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಐ ಅಂತ ಅವರ ಹೆಸರನ್ನೇ ಇಟ್ರು.

ಹಾಗಂತ ಹಸುವಿಗೆ ಕಾಳು, ಹಿಂಡಿ ಕೊಡಲೇಬಾರದು ಅಂತಲ್ಲ. ಮೇವು ಬದಲಿಸೋದಾದ್ರೆ ಎರಡು ಮೂರು ವಾರ ಹಿಡಿದು ಸ್ವಲ್ಪ ಸ್ವಲ್ಪ ಬದಲಿಸಿ, ಒಳಗಿನವರಿಗೆ ಹೊಂದಿಕೊಳ್ಳೋಕೆ ಟೈಮ್ ಬೇಕು. ಗೋಗ್ರಾಸಕ್ಕೆ ಒಂದು ಹಿಡಿ ಇಟ್ರೆ ತೊಂದರೆ ಇಲ್ಲ. ಬಕೆಟ್ ಮಾತ್ರ ಬೇಡ. ಅಕಸ್ಮಾತ್ ಯಾರಾದ್ರೂ ಸುರಿದಿದ್ರೆ, ಹಸು ಮಲಗೋವರೆಗೆ ಕಾಯದೆ ಆ ಕ್ಷಣವೇ ಡಾಕ್ಟರ್‌ಗೆ ಫೋನ್ ಮಾಡಿ.

ನಿಮ್ಮೂರಲ್ಲಿ ಫಂಕ್ಷನ್ ಮುಗಿದ ಮೇಲೆ ಉಳಿದ ಅನ್ನ ಎಲ್ಲಿಗೆ ಹೋಗುತ್ತೆ? ಕಾಮೆಂಟ್‌ನಲ್ಲಿ ಬರೀರಿ. ಕೊನೇ ಫೋಟೋನ ನಿಮ್ಮ ಮನೆ ವಾಟ್ಸಾಪ್ ಗ್ರೂಪ್‌ಗೆ ಹಾಕಿ, ಶ್ರಾವಣ ಹತ್ರ ಬಂತು.

#ಕೊಟ್ಟಿಗೆಮಾತು